ಸೈಕಲ್ ಸ್ಟ್ಯಾಂಡ್, ಕ್ಯಾಂಟೀನ್ ಮತ್ತು 13 ನಿಮಿಷದ ನಾಟಕ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಓದೋಕೆ ಏನಾದ್ರೂ ಕೊಡಿ ಅಂತ ಕೇಳೋರಿಗಾಗಿ ಈ ವಾರದ ಮಾತನ್ನು ಸ್ವಲ್ಪ ತಿದ್ದಿ ಇಲ್ಲಿ ಹಾಕಿದ್ದೀನಿ.

ನೋಯ್ಡಾ, ಗಾಜಿಯಾಬಾದ್ ಕಡೆ ಮನೆ ಮಾಡಿಕೊಂಡಿರುವ ಕನ್ನಡಿಗರು ಸಾಹಿಬಾಬಾದ್ ಕೈಗಾರಿಕಾ ಪ್ರದೇಶದ ಪಕ್ಕದಲ್ಲಿ ಎಷ್ಟೋ ಸಲ ಓಡಾಡಿರ್ತೀರಿ. ಇವತ್ತಿನ ಕಥೆ ಆ ಸುತ್ತಮುತ್ತಲಿನದೇ.

1970ರ ದಶಕದ ಕೊನೆ. ಗಾಜಿಯಾಬಾದಿನಲ್ಲಿ ಹೆರಿಗ್ ಇಂಡಿಯಾ ಅಂತ ಒಂದು ಕಾರ್ಖಾನೆ. ಅಲ್ಲಿನ ಕಾರ್ಮಿಕರು ಕೇಳಿದ್ದು ಎರಡೇ: ಸೈಕಲ್ ನಿಲ್ಲಿಸೋಕೆ ಒಂದು ಜಾಗ, ಒಂದು ಲೋಟ ಟೀ ಸಿಗೋ ಹಾಗೆ ಒಂದು ಕ್ಯಾಂಟೀನ್. ಆಡಳಿತದವರು ಒಪ್ಪಲಿಲ್ಲ, ಮುಷ್ಕರ ಶುರುವಾಯಿತು. ಕಾವಲುಗಾರರು ಗುಂಡು ಹಾರಿಸಿದರು. ಆರು ಜನ ಸತ್ತರು. ನಮ್ಮ ಆಫೀಸುಗಳಲ್ಲಿ ಟೀ ಚೆನ್ನಾಗಿಲ್ಲ ಅಂತ ಒಂದು ಮೇಲ್ ಹಾಕಿ ಸುಮ್ಮನಾಗೋ ನಮಗೆ ಇದು ನಂಬೋಕೂ ಕಷ್ಟ.

ದೆಹಲಿಯ ‘ಜನ ನಾಟ್ಯ ಮಂಚ್’ ತಂಡಕ್ಕೆ ಈ ಸುದ್ದಿ ಹೇಳಿದ್ದು ಒಬ್ಬ ಹಿರಿಯ ಕಮ್ಯುನಿಸ್ಟ್. ‘ಜನಮ್’ ಅಂತ ಕರೆಯೋ ಈ ತಂಡ ಹುಟ್ಟಿದ್ದು 1973ರಲ್ಲಿ. ಮೊದಲು ದೊಡ್ಡ ನಾಟಕಗಳನ್ನೇ ಆಡುತ್ತಿದ್ದರು. ತುರ್ತುಪರಿಸ್ಥಿತಿ ಮುಗಿಯುವ ಹೊತ್ತಿಗೆ ಅಂಥ ನಾಟಕ ಆಡಿಸುವಷ್ಟು ದುಡ್ಡು ಕಾರ್ಮಿಕ ಸಂಘಗಳ ಹತ್ತಿರ ಉಳಿದಿರಲಿಲ್ಲ. ಹಾಗಾದ್ರೆ ಚಿಕ್ಕದು ಮಾಡೋಣ ಅಂದರು. ಬೀದಿ ನಾಟಕ ಅವರಿಗೆ ದಕ್ಕಿದ್ದು ದೊಡ್ಡ ಸಿದ್ಧಾಂತದಿಂದಲ್ಲ, ಕಾಸಿಲ್ಲದ್ದರಿಂದ. ಈ ಮಾತು ನನಗೆ ತುಂಬ ಇಷ್ಟ.

ಸಫ್ದರ್ ಹಾಶ್ಮಿ, ರಾಕೇಶ್ ಸಕ್ಸೇನಾ ಸೇರಿ ಬರೆದ ಆ ಚಿಕ್ಕ ನಾಟಕವೇ ‘ಮಷೀನ್’. 1978ರ ಅಕ್ಟೋಬರ್‌ನಲ್ಲಿ ಮೊದಲ ಪ್ರದರ್ಶನ. ಸೆಟ್ ಇಲ್ಲ, ಲೈಟಿಲ್ಲ. ನಟರೇ ಒಬ್ಬರಿಗೊಬ್ಬರು ಹೊಂದಿಕೊಂಡು ನಿಂತು, ಕೈಕಾಲು ಆಡಿಸಿ, ಬಾಯಲ್ಲೇ ಸದ್ದು ಮಾಡುತ್ತಾ ಯಂತ್ರವಾಗ್ತಾರೆ. ಓಡುತ್ತಿದ್ದ ಯಂತ್ರ ಇದ್ದಕ್ಕಿದ್ದಂತೆ ನಿಂತುಬಿಡುತ್ತೆ. ಯಾಕೆ ನಿಂತಿತು ಅನ್ನೋದೇ ಕಥೆ. ಹದಿಮೂರು ನಿಮಿಷಕ್ಕೆ ಮುಗೀತು.

ಮುಂದಿನ ತಿಂಗಳು ದೆಹಲಿಯ ತಾಲ್ಕಟೋರಾದಲ್ಲಿ ಕಾರ್ಮಿಕ ಸಂಘಗಳ ಸಮ್ಮೇಳನ. ಸುಮಾರು 7000 ಪ್ರತಿನಿಧಿಗಳ ಎದುರು ಇದನ್ನು ಆಡಿದರು. ಬಂದಿದ್ದವರಲ್ಲಿ ಕೆಲವರು ಟೇಪ್ ರೆಕಾರ್ಡರ್‌ನಲ್ಲಿ ನಾಟಕದ ಮಾತುಗಳನ್ನು ತುಂಬಿಕೊಂಡು ಊರಿಗೆ ಹೋದರು. ಸ್ವಲ್ಪ ದಿನಕ್ಕೆ ಬೇರೆ ಬೇರೆ ಊರುಗಳಿಂದ ಸುದ್ದಿ ಬರೋಕೆ ಶುರುವಾಯ್ತು, ನಿಮ್ಮ ನಾಟಕವನ್ನ ನಮ್ಮ ಭಾಷೆಯಲ್ಲಿ ನಾವೇ ಆಡ್ತಿದ್ದೀವಿ ಅಂತ. ನಾಟಕ ನೋಡಿ ಮಾಲೀಕರ ಮನಸ್ಸು ಕರಗಿತು ಅಂತ ನಾನು ಹೇಳಲ್ಲ. ಹಾಗೆ ಕರಗೋದು ಸಿನಿಮಾದಲ್ಲಿ ಮಾತ್ರ. ಆದರೆ ಒಂದು ಗೇಟಿನ ಮುಂದೆ ಸತ್ತ ಆರು ಜನರ ವಿಷಯ ಇನ್ನೆಲ್ಲೋ ಇರುವ ಗೇಟಿನವರಿಗೂ ತಮ್ಮದೇ ವಿಷಯ ಅನ್ನಿಸಿತು. ಸಂಘಟನೆ ಶುರುವಾಗೋದು ಅಲ್ಲಿಂದ.

ಇದು ಹಿಂದಿಯವರ ಕಥೆ ಮಾತ್ರ ಅಂದ್ಕೋಬೇಡಿ. 1975ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ಸಮುದಾಯ’ವೂ ಅದೇ ಕಾಲದಲ್ಲಿ ಇದೇ ದಾರಿ ಹಿಡಿದಿತ್ತು. 1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ ದಲಿತರ ಹತ್ಯಾಕಾಂಡ ಆಯ್ತಲ್ಲ, ಇಂದಿರಾ ಗಾಂಧಿ ಆನೆ ಮೇಲೆ ಕೂತು ಹೋದ ಊರು. ಆನೆ ಎಲ್ಲರಿಗೂ ನೆನಪಿದೆ. ಸತ್ತವರನ್ನು ನಮ್ಮ ಹಳ್ಳಿಗಳಿಗೆ ನೆನಪಿಸಿದ್ದು ಸಿ.ಜಿ. ಕೃಷ್ಣಸ್ವಾಮಿ ನಿರ್ದೇಶಿಸಿದ ‘ಬೆಲ್ಚಿ’ ಬೀದಿ ನಾಟಕ. ನಿಮ್ಮ ಅಪ್ಪನನ್ನೋ ಚಿಕ್ಕಪ್ಪನನ್ನೋ ಒಮ್ಮೆ ಕೇಳಿ ನೋಡಿ, ಸಮುದಾಯದ ಜಾಥಾ ನೋಡಿದವರು ಇರಬಹುದು.

ಮತ್ತೆ ಸಾಹಿಬಾಬಾದಿಗೆ ಬರೋಣ. 1988ರ ನವೆಂಬರ್‌ನಲ್ಲಿ ದೆಹಲಿ ಸುತ್ತಲಿನ ಕಾರ್ಮಿಕರು ಕನಿಷ್ಠ ವೇತನ ಹೆಚ್ಚಿಸಿ ಅಂತ ಏಳು ದಿನ ಮುಷ್ಕರ ಮಾಡಿದರು. ಅದರ ಬೆನ್ನಿಗೇ ಜನಮ್ ‘ಹಲ್ಲಾ ಬೋಲ್’ ಆಡತೊಡಗಿತು. 1989ರ ಜನವರಿ 1, ಝಂಡಾಪುರ. ಊರಲ್ಲಿ ಸ್ಥಳೀಯ ಚುನಾವಣೆಯ ಕಾವು. ನಾಟಕ ನಡೆಯುತ್ತಿರುವಾಗಲೇ ಒಂದು ಗುಂಪು ದಾಳಿ ಮಾಡಿತು. ರಾಮ್ ಬಹದ್ದೂರ್ ಎಂಬ ಕಾರ್ಮಿಕ ಗುಂಡೇಟಿಗೆ ಸತ್ತರು. ಏಟು ತಿಂದ ಸಫ್ದರ್ ಮರುದಿನ ರಾತ್ರಿ ಆಸ್ಪತ್ರೆಯಲ್ಲಿ ತೀರಿಕೊಂಡರು. ವಯಸ್ಸು ಇನ್ನೂ 34.

ಜನವರಿ 4ಕ್ಕೆ ತಂಡ ಅದೇ ಝಂಡಾಪುರಕ್ಕೆ ವಾಪಸ್ ಹೋಯಿತು, ಅದೇ ಜಾಗಕ್ಕೆ. ಅರ್ಧಕ್ಕೆ ನಿಂತಿದ್ದ ನಾಟಕವನ್ನು ಪೂರ್ತಿ ಆಡಿದರು. ನಟರಲ್ಲಿ ಸಫ್ದರ್ ಅವರ ಹೆಂಡತಿ ಮಲಯಶ್ರೀ ಕೂಡ ಇದ್ದರು. ಎರಡು ದಿನದ ಹಿಂದೆ ಗಂಡನನ್ನು ಕಳೆದುಕೊಂಡವರು. ಈ ಭಾಗ ಹೇಳುವಾಗ ವಿಡಿಯೋದಲ್ಲಿ ನಾನು ಸ್ವಲ್ಪ ತಡವರಿಸಿದ್ದೀನಿ, ಎಡಿಟ್ ಮಾಡದೆ ಹಾಗೇ ಬಿಟ್ಟಿದ್ದೀನಿ.

ಕೊಲೆಗಾರರಿಗೆ ಶಿಕ್ಷೆಯಾಗಿದ್ದು 2003ರಲ್ಲಿ, ಹದಿನಾಲ್ಕು ವರ್ಷ ಕಳೆದ ಮೇಲೆ. ಕೋರ್ಟು ಅಷ್ಟು ಹೊತ್ತು ತಗೊಂಡಿತು. ಜನಮ್ ಮಾತ್ರ ಪ್ರತಿ ಜನವರಿ 1ಕ್ಕೆ ಝಂಡಾಪುರಕ್ಕೆ ಹೋಗಿ ನಾಟಕ ಆಡುವುದನ್ನು ಬಿಡಲಿಲ್ಲ. ಚಳಿಯಲ್ಲಿ ಶಾಲು ಹೊದ್ದ ಕಾರ್ಮಿಕರು, ಅವರ ಮಕ್ಕಳು ಸುತ್ತ ಕೂತಿರ್ತಾರೆ.