ನಿಱಿಯಿಂದ ನೆರಿಗೆಗೆ: ಕುರುಡುಮಲೆಯ ಕಂಬಗಳ ಮುಂದೆ

ಕುರುಡುಮಲೆಯ ಗಣಪತಿ ದೇಗುಲಕ್ಕೆ ವಿದ್ಯಾರ್ಥಿಗಳನ್ನು ಕರೆದೊಯ್ದಾಗಲೆಲ್ಲ ನಾನು ಮೊದಲು ತೋರಿಸುವುದು ಮಂಟಪದ ಕಂಬಗಳಲ್ಲಿರುವ ಉಬ್ಬುಶಿಲ್ಪಗಳ ಉಡುಗೆಯನ್ನು. ವಿಜಯನಗರ ಕಾಲದ ಶಿಲ್ಪಿಗೆ ಮಡಿಸಲು ಬಟ್ಟೆಯಿಲ್ಲ, ಕೊರೆಯಲು ಗೆರೆಯುಂಟು. ಸೊಂಟದಿಂದಿಳಿವ ಸಾಲುಗೆರೆಗಳು, ಅಂಚಿನಲ್ಲಿ ಬೀಸಣಿಗೆಯಂತೆ ಹರಡಿದ ತುದಿ. ಇಷ್ಟರಿಂದಲೇ ಕಲ್ಲು ನೆರಿಗೆಯಾಗುತ್ತದೆ.

ಹಳಗನ್ನಡದಲ್ಲಿ ಈ ಶಬ್ದ ನಿಱಿ, ಶಕಟರೇಫವುಳ್ಳದ್ದು. ಮುಂದೆ ಱಕಾರವು ರಕಾರದಲ್ಲಿ ಲೀನವಾಗಿ ನಿರಿ, ನೆರಿ, ನೆರಿಗೆ ಎಂಬ ರೂಪಗಳು ಉಳಿದವು. ಸಂಪಾದಕರು ಱಕಾರವನ್ನು ಅಳಿಸಿ ಅಚ್ಚುಹಾಕಿದಾಗ ಶಬ್ದದ ವಯಸ್ಸೂ ಅಳಿಸಿಹೋಗುತ್ತದೆ ಎಂಬುದು ನನ್ನ ಹಳೆಯ ತಕರಾರು. ಮುಳಬಾಗಿಲು ಸೀಮೆಯಲ್ಲಿ ತೆಲುಗು ಮನೆಮಾತು ಹೇರಳ. ತೆಲುಗಿನಲ್ಲಿ ಸೀರೆಯ ನೆರಿಗೆ ಕುಚ್ಚಿಳ್ಳು. ಕನ್ನಡದ ಕುಚ್ಚಾದರೋ ಸೆರಗಿನ ತುದಿಯ ಗೊಂಡೆ. ಇಲ್ಲಿನ ಜನಪದ ಹಾಡುಗಳನ್ನು ಸಂಗ್ರಹಿಸುವವರು ಈ ಭೇದವನ್ನು ಮರೆಯಬಾರದು.

ಶಿಲ್ಪದ ಗೆರೆಗಳನ್ನು ಕಂಡು ‘ಹೊಲಿದ ಲಂಗ’ ಎಂದು ಬರೆದ ವಿದ್ಯಾರ್ಥಿ ಪ್ರಬಂಧಗಳನ್ನು ತಿದ್ದಿದ್ದೇನೆ. ಸೀರೆಯ ನೆರಿಗೆ ಬೆರಳುಗಳ ನಡುವೆ ಹುಟ್ಟಿ, ಸೊಂಟಕ್ಕೆ ಸಿಕ್ಕಿಸಿದಾಗ ನಿಂತು, ಬಿಚ್ಚಿದೊಡನೆ ಇಲ್ಲವಾಗುತ್ತದೆ. ದರ್ಜಿಯ ನೆರಿಗೆಯೇ ಬೇರೆ: ಅವನು ಮಡಿಕೆಯನ್ನು ಸೊಂಟಪಟ್ಟಿಗೆ ಹೊಲಿದು ಕಟ್ಟಿಹಾಕುತ್ತಾನೆ. ಮಡಿಕೆಗಳು ಒಂದಕ್ಕೊಂದು ತಾಗುವಂತೆ ಪೂರ್ತಿಯಾಗಿ ಹಾಕಿದರೆ ಸೊಂಟದಳತೆಯ 3 ಪಟ್ಟು ಬಟ್ಟೆ ಬೇಕು. ಉಡುವ ಬಟ್ಟೆಗೆ ಈ ಲೆಕ್ಕವಿಲ್ಲ, ಉಳಿದಷ್ಟೂ ನೆರಿಗೆ.

ಗೆರೆಯೊಂದನ್ನೇ ನೋಡಿ ಉಡುಗೆಯನ್ನು ನಿರ್ಣಯಿಸಲಾಗದು. ಕಚ್ಚೆಗೂ ನೆರಿಗೆಯುಂಟು, ಸೀರೆಗೂ ಉಂಟು. ಕಾಲುಗಳ ನಡುವಿನಿಂದ ಹಿಂದಕ್ಕೆ ಸಾಗಿದ ಮಡಿಕೆ ಕಾಣುವುದೇ ಎಂದು ಮೊದಲು ಹುಡುಕಬೇಕು. ಉಬ್ಬುಶಿಲ್ಪದಲ್ಲಿ ಬೆನ್ನು ಕಾಣದಿರುವುದೇ ತೊಡಕು.