ಸಿದ್ದಿಯರ ಡಮಾಮಿ

ಒಂದು ಜನಾಂಗದ ಚರಿತ್ರೆಯನ್ನು ಬರೆಯಹೊರಟವರು ಶಿಲಾಶಾಸನ, ತಾಮ್ರಪಟ, ಕೈಫಿಯತ್ತು, ದಫ್ತರ ಮೊದಲಾದುವನ್ನು ಆಶ್ರಯಿಸುವುದು ವಾಡಿಕೆ. ಆದರೆ ಹುಟ್ಟಿದ ಊರು, ತಂದೆತಾಯಿಗಳಿಟ್ಟ ಹೆಸರು, ಆಡುತ್ತಿದ್ದ ಮಾತು, ಈ ಮೂರನ್ನೂ ಕಳೆದುಕೊಂಡು ಪರದೇಶಗಳಿಗೆ ಮಾರಲ್ಪಟ್ಟವರಿಗೆ ಶಾಸನವೆಲ್ಲಿಯದು? ಅವರನ್ನು ಮಾರಿದವರ ಲೆಕ್ಕ ಉಳಿದಿರಬಹುದು. ಅವರ ಮಾತು ಉಳಿದಿಲ್ಲ. ಇಂತಹವರ ವಿಷಯದಲ್ಲಿ ಒಂದು ವಾದ್ಯವೇ ಶಾಸನದ ಕೆಲಸವನ್ನು ಮಾಡುವುದುಂಟು. ಆಫ್ರಿಕ ಖಂಡದಿಂದ ಬಂದು, ಈಗ ನಮ್ಮ ನಾಡಿನ ಮಕ್ಕಳೇ ಆಗಿರುವ ಸಿದ್ದಿಯರ ಡಮಾಮಿ ಅಂತಹ ವಾದ್ಯ.

ಆಫ್ರಿಕವು ನಮಗೆ ಬಹು ದೂರವೆಂದು ರಾಯಚೂರು ಸೀಮೆಯವರು ಭಾವಿಸಬಹುದು. ಆದರೆ ದೇವಸುಗೂರಿನಲ್ಲಿ ಸೂಗೂರೇಶ್ವರನ ದರ್ಶನವನ್ನು ಮಾಡಿ ಕೃಷ್ಣೆಯ ತಡಿಯಲ್ಲಿ ನಿಂತರೆ, ನದಿಯ ಆಚೆಗಿರುವುದು ಹಿಂದಿನ ಮಹಬೂಬನಗರ ಜಿಲ್ಲೆಯ ಸೀಮೆ. ಆ ಜಿಲ್ಲೆಯಲ್ಲಿದ್ದ ವನಪರ್ತಿ ಸಂಸ್ಥಾನದ ರಾಜರು ಹತ್ತೊಂಬತ್ತನೆಯ ಶತಮಾನದಲ್ಲಿ ಆಫ್ರಿಕದವರ ಒಂದು ಅಂಗರಕ್ಷಕ ದಳವನ್ನು ಇಟ್ಟುಕೊಂಡಿದ್ದರು. ಆ ದಳವು ಮುಂದೆ ನಿಜಾಮರ ಸೈನ್ಯಕ್ಕೆ ಸೇರಿತು. ೧೯೪೮ರಲ್ಲಿ ಹೈದರಾಬಾದು ಸಂಸ್ಥಾನವು ಭಾರತದಲ್ಲಿ ವಿಲೀನವಾದ ತರುವಾಯ ನಿಜಾಮರ ಆಫ್ರಿಕನ್ ಕುದುರೆ ದಳವೂ ಇಲ್ಲವಾಯಿತು. ಅದರ ಹೆಸರು ಮಾತ್ರ ನಗರದ 'ಎ. ಸಿ. ಗಾರ್ಡ್ಸ್' ಎಂಬ ಬಡಾವಣೆಯಲ್ಲಿ ಇಂದಿಗೂ ನಿಂತಿದೆ.

ಆ ಜನರ ಮೇಳಕ್ಕೆ 'ಮರ್ಫಾ' ಎಂದು ಹೆಸರು. ಮರ್ಫಾ ಎಂಬುದು ಬೋಗುಣಿಯ ಆಕಾರದ, ಒಂದೇ ಮುಖಕ್ಕೆ ಚರ್ಮವನ್ನು ಬಿಗಿದ ನಗಾರಿ. ದಕ್ಷಿಣ ಅರಬಸ್ಥಾನದ ಹದ್ರಮೌತ್ ಸೀಮೆಯಿಂದ ಬಂದ ಅರಬರೂ ಸಿದ್ದಿಯರೂ ಇದನ್ನು ಹೈದರಾಬಾದಿನಲ್ಲಿ ಬೆಳೆಸಿದರು. ಹಿಂದೆ ದೊರೆಗಳ ಸಮಾರಂಭಗಳಲ್ಲಿ ಮೊಳಗಿದ ಈ ವಾದ್ಯ ಈಗ ಮದುವೆಯ ಮೆರವಣಿಗೆಗಳಲ್ಲಿ ಮೊಳಗುತ್ತದೆ.

ದಖ್ಖನಿಗೆ ಆಫ್ರಿಕದವರು ಬಂದುದು ಇದಕ್ಕಿಂತ ಬಹಳ ಹಿಂದೆ. ಅಬಿಸೀನಿಯಾ ದೇಶಕ್ಕೆ ಅರಬ್ಬಿಯಲ್ಲಿ 'ಹಬಶ್' ಎಂದು ಹೆಸರಾದುದರಿಂದ ಅವರನ್ನು ಹಬಶಿಗಳೆಂದು ಕರೆದರು. ಗುಲಾಮನಾಗಿ ಬಂದ ಮಲಿಕ್ ಅಂಬರನು ಅಹಮದನಗರದ ರಾಜ್ಯವನ್ನು ಆಳಿ ೧೬೨೬ರಲ್ಲಿ ತೀರಿಕೊಂಡನು. ಬಿಜಾಪುರದ ಕೊನೆಯ ದಿನಗಳಲ್ಲಿ ರಾಜ್ಯಭಾರವನ್ನು ವಹಿಸಿದ್ದ ಸಿದ್ದಿ ಮಸೂದನು ನಮ್ಮ ನೆರೆಯ ಆದವಾನಿಯ ಅಧಿಪತಿ. ರಾಯಚೂರು ಕೋಟೆಯ ಒಂದೇ ಮಿನಾರಿನ ಮಸೀದಿಯನ್ನು ಬಹಮನಿ ಸುಲ್ತಾನ ಮಹಮೂದ್ ಷಹನ ಕಾಲದಲ್ಲಿ, ಹಿಜರಿ ೯೧೯ರಲ್ಲಿ, ಎಂದರೆ ಸುಮಾರು ೧೫೧೩ರಲ್ಲಿ, ಅಂಬರ್ ಎಂಬವನು ಕಟ್ಟಿಸಿದನೆಂದು ಅಲ್ಲಿಯ ಪಾರಸಿ ಶಾಸನವು ಹೇಳುತ್ತದೆ. ಇವನು ಮಲಿಕ್ ಅಂಬರನಲ್ಲ, ಅವನಿನ್ನೂ ಹುಟ್ಟಿರಲಿಲ್ಲ. ಅಂಬರ್ ಎಂಬುದು ಹಬಶಿಗಳಲ್ಲಿ ಬಳಕೆಯಲ್ಲಿದ್ದ ಹೆಸರು ಎಂಬುದು ನಿಜ. ಆದರೂ ಹೆಸರೊಂದನ್ನೇ ಹಿಡಿದು ಕುಲವನ್ನು ನಿರ್ಣಯಿಸುವುದು ಚರಿತ್ರಕಾರನಿಗೆ ತಕ್ಕುದಲ್ಲ.

ಇವರೆಲ್ಲರೂ ದರ್ಬಾರಿನ ಬೆಳಕಿನಲ್ಲಿ ನಿಂತವರು. ಇನ್ನು ಕತ್ತಲಿನಲ್ಲಿ ಉಳಿದವರ ಮಾತು. ಪೋರ್ತುಗೀಜರು ಪೂರ್ವ ಆಫ್ರಿಕದಿಂದ ಗೋವೆಗೆ ತಂದ ಗುಲಾಮರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟದ ಕಾಡನ್ನು ಹೊಕ್ಕರು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲ ಕಡೆಗಳಲ್ಲಿ ಇಂದು ನೆಲೆಸಿರುವ ಸಿದ್ದಿಯರಲ್ಲಿ ಹಲವರು ಅವರ ಸಂತತಿಯವರು. ಅವರ ಹಿರಿಯರ ಭಾಷೆ ಅಳಿದುಹೋಯಿತು. ಅವರು ಈಗ ಆಡುವುದು ಕೊಂಕಣಿ, ಕನ್ನಡ, ಮರಾಠಿಗಳನ್ನು. ಆದರೆ ಡಮಾಮಿ ಉಳಿಯಿತು.

ಡಮಾಮಿಯ ರಚನೆ ಸರಳವಾದುದು. ಮರದ ದಿಂಡನ್ನು ಟೊಳ್ಳುಮಾಡಿ ಎರಡು ಬಾಯಿಗಳಿಗೂ ಚರ್ಮವನ್ನು ಬಿಗಿಯುತ್ತಾರೆ. ಮರ ನಮ್ಮ ಘಟ್ಟದ್ದು, ಚರ್ಮವೂ ನಮ್ಮ ಕಾಡಿನದು. ಹೆಸರು ಕೂಡ ಆಫ್ರಿಕದ್ದಲ್ಲ. ನಗಾರಿಗೆ ಪಾರಸಿ ಬಲ್ಲವರು ಹೇಳುತ್ತಿದ್ದ 'ದಮಾಮಾ' ಎಂಬ ಮಾತೇ ಹೀಗಾಯಿತೆಂದು ತೋರುತ್ತದೆ. ಹಾಗಿರುವಲ್ಲಿ ಇದರಲ್ಲಿ ಆಫ್ರಿಕದ್ದೆಂಬುದು ಏನು?

ಉತ್ತರವು ಬಾರಿಸುವ ಬಗೆಯಲ್ಲಿದೆ. ಡಮಾಮಿ ಎಂದರೆ ವಾದ್ಯವೂ ಹೌದು, ಅದರೊಡನೆ ನಡೆಯುವ ಕುಣಿತವೂ ಹೌದು. ಬಾರಿಸುವವರು ಬೇರೆ, ಕೇಳುವವರು ಬೇರೆ ಎಂಬ ಭೇದ ಅಲ್ಲಿಲ್ಲ. ನೆರೆದವರೆಲ್ಲರೂ ಹಾಡಿಗೆ ದನಿಗೂಡಿಸುತ್ತಾರೆ, ಕುಣಿತಕ್ಕೆ ಹೆಜ್ಜೆಗೂಡಿಸುತ್ತಾರೆ. ಆಫ್ರಿಕದ ಬಾಂಟು ಭಾಷೆಗಳಲ್ಲಿ 'ನ್ಗೋಮಾ' ಎಂಬ ಶಬ್ದವಿದೆ. ಅದಕ್ಕೆ ಮದ್ದಳೆಯೆಂದು ಅರ್ಥ. ಸ್ವಾಹಿಲಿಯಲ್ಲಿ ಕುಣಿತವೆಂದೂ ಅರ್ಥ. ಗುಜರಾತಿನ ಸಿದ್ದಿಯರು ಆ ಶಬ್ದವನ್ನೇ 'ಗೋಮಾ' ಎಂದು ಉಳಿಸಿಕೊಂಡಿದ್ದಾರೆ. ಅವರಲ್ಲಿ 'ಮಲುಂಗಾ' ಎಂಬ ಬಿಲ್ಲಿನ ಆಕಾರದ ತಂತಿವಾದ್ಯವೂ ಉಂಟು. ಬಿಲ್ಲಿಗೆ ಸೋರೆಯ ಬುರುಡೆಯನ್ನು ಕಟ್ಟಿ, ತಂತಿಯನ್ನು ಕಡ್ಡಿಯಿಂದ ಬಡಿಯುತ್ತಾರೆ. ಅದರ ಒಡಹುಟ್ಟಿದಂತಹ ವಾದ್ಯ ಅಟ್ಲಾಂಟಿಕ್ ಸಾಗರದ ಆಚೆ ಬ್ರೆಜಿಲ್ ದೇಶದಲ್ಲಿದೆ. ಅದನ್ನು ಅಲ್ಲಿಗೆ ಒಯ್ದವರೂ ಗುಲಾಮರೇ. ನಮ್ಮ ಘಟ್ಟದವರು ನ್ಗೋಮಾ ಎಂಬ ಶಬ್ದವನ್ನು ಮರೆತರು. ಆದರೆ ವಾದ್ಯವನ್ನೂ ಕುಣಿತವನ್ನೂ ಒಂದೇ ಹೆಸರಿನಿಂದ ಕರೆಯುವ ಸಂಪ್ರದಾಯ ಅವರಲ್ಲಿಯೂ ನಿಂತಿದೆ. ಕೈಯಲ್ಲಿ ಏನನ್ನೂ ತರಲಾಗದವರು ನೆನಪಿನಲ್ಲಿ ತಂದುದು ಇದು. ಇದನ್ನು ಯಾವ ಯಜಮಾನನೂ ಕಸಿದುಕೊಳ್ಳಲಾರದೆ ಹೋದನು.

ಇನ್ನೊಂದು ಸಂಗತಿ ಇದಕ್ಕಿಂತಲೂ ದೊಡ್ಡದು. ಈ ಸಿದ್ದಿಯರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಯಾರ ಆಶ್ರಯದಲ್ಲಿ ಬಾಳಿದರೋ ಅವರ ಮತವು ಬಹುಮಟ್ಟಿಗೆ ಇವರ ಮತವಾಯಿತು. ದೇವರು ಬೇರೆಯಾದರೂ 'ಹಿರಿಯರು' ಎಂದು ಪೂರ್ವಜರನ್ನು ನೆನೆಯುವ ನಿಷ್ಠೆ ಮೂವರಲ್ಲಿಯೂ ಒಂದೇ, ಡಮಾಮಿಯೂ ಒಂದೇ. ಮೂರು ಕವಲಾದ ಕುಲವನ್ನು ಒಂದೇ ಅಂಗಳದಲ್ಲಿ ಕೂಡಿಸುವ ಶಕ್ತಿ ಇರುವುದು ಈ ಮರದ ದಿಂಡಿಗೆ.

ಸರಕಾರವು ೨೦೦೩ರಲ್ಲಿ ಉತ್ತರ ಕನ್ನಡದ ಸಿದ್ದಿಯರನ್ನೂ, ೨೦೨೦ರಲ್ಲಿ ಬೆಳಗಾವಿ, ಧಾರವಾಡ ಜಿಲ್ಲೆಗಳವರನ್ನೂ ಪರಿಶಿಷ್ಟ ಪಂಗಡಗಳಲ್ಲಿ ಸೇರಿಸಿತು. ಉತ್ಸವಗಳ ವೇದಿಕೆಗೂ ಡಮಾಮಿ ಬಂದಿದೆ. ಇದು ಸಂತೋಷದ ವಿಷಯ. ಆದರೆ ವೇದಿಕೆಯ ಮೇಲೆ ಹತ್ತು ನಿಮಿಷ ಕುಣಿಸಿ, ವಿಚಿತ್ರವೆಂದು ನೋಡಿ, ಚಪ್ಪಾಳೆ ತಟ್ಟಿ ಕಳುಹಿಸಿದರೆ ವಾದ್ಯದ ಮರ್ಯಾದೆ ಉಳಿಯದು. ಎಲ್ಲರೂ ಕೂಡಿ ಕುಣಿಯಬೇಕಾದ ಕಡೆ ಒಂದು ಪಾಲಿನವರು ನೋಟಕರಾಗಿಯೂ ಇನ್ನೊಂದು ಪಾಲಿನವರು ನೋಟದ ವಸ್ತುವಾಗಿಯೂ ಒಡೆದುಹೋಗುತ್ತಾರೆ.

ನಾವು ಡೊಳ್ಳಿನ ನಾದವನ್ನು ಕೇಳಿದಾಗ ಇದು ಯಾವ ದೇಶದ್ದೆಂದು ವಿಚಾರಿಸುವುದಿಲ್ಲ, ನಮ್ಮದೆಂದು ಕೇಳುತ್ತೇವೆ. ಶತಮಾನಗಳಿಂದ ಈ ಮಣ್ಣಿನ ಅನ್ನವನ್ನು ಉಂಡು, ಈ ಕಾಡಿನ ಮರದಿಂದ ಕೊರೆದ ಡಮಾಮಿಯನ್ನೂ ಹಾಗೆಯೇ ಕೇಳುವುದು ನ್ಯಾಯ. ಕೋಟೆಯ ಬಾಗಿಲಿನ ಶಾಸನವನ್ನು ಓದುವಷ್ಟೇ ಶ್ರದ್ಧೆಯಿಂದ ಈ ನಾದವನ್ನೂ ಓದಿಕೊಂಡರೆ ನಮ್ಮ ನಾಡಿನ ಚರಿತ್ರೆಯಲ್ಲಿ ಬಿಟ್ಟುಹೋದ ಒಂದು ಅಧ್ಯಾಯವು ತುಂಬಿಬಂದೀತು.