ಕಾರಲ್ಲಿ ಹೋಗಿ ಟೆಂಟ್ ಹಾಕೋರು ಇದನ್ನ ನೋಡಿ ತಗೊಳ್ಳಿ

ಚೀಲದ ಮೇಲೆ ‘4 ಜನಕ್ಕೆ’ ಅಂತಿದ್ರೆ ಇಬ್ಬರು, ಒಂದು ಮಗು, ಬ್ಯಾಗು ಅಷ್ಟೇ ಅಂದ್ಕೊಳ್ಳಿ. ಹೊರೋದು ಕಾರು ತಾನೇ, ದೊಡ್ಡದೇ ಇರಲಿ.

ಮಳೆ ತಡೆಯುವ ಶಕ್ತಿಯನ್ನು ಮಿಲಿಮೀಟರ್‌ನಲ್ಲಿ ಬರೆದಿರ್ತಾರೆ. ಸಕಲೇಶಪುರ, ಮೂಡಿಗೆರೆ ಕಡೆ ಮಳೆಗೆ 3000 ಇದ್ದರೆ ಧೈರ್ಯ. ಬರೀ ‘ವಾಟರ್‌ಪ್ರೂಫ್’ ಅಂತ ಬರೆದಿದ್ದನ್ನ ನಂಬಬೇಡಿ. ಹೊಲಿಗೆ ಮೇಲೆ ಟೇಪ್ ಅಂಟಿಸಿದೆಯಾ ನೋಡಿ, ನೀರು ಮೊದಲು ಇಳಿಯೋದೇ ಅಲ್ಲಿಂದ. ಮನೆ ಅಂಗಳದಲ್ಲೇ ಒಮ್ಮೆ ಹಾಕಿ, ಪೈಪಲ್ಲಿ ನೀರು ಬಿಟ್ಟರೆ ಗೊತ್ತಾಗುತ್ತೆ. ಕೆಳಗೆ ಹಾಸುವ ಟಾರ್ಪಾಲು ಟೆಂಟಿನಿಂದ ಹೊರಗೆ ಚಾಚಬಾರದು, ಮಳೆನೀರು ಅದರ ಮೇಲೆ ಬಿದ್ದು ಅಡಿಗೇ ಹರಿಯುತ್ತೆ.

ಚಳಿ ಅಂತ ಇದ್ದಿಲ ಒಲೆ ಮಾತ್ರ ಒಳಗಿಡಲೇಬೇಡಿ, ಆರಿದಂತೆ ಕಂಡರೂ ಸರಿ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ಮಲಗಿದವರಿಗೆ ಎಚ್ಚರವೇ ಆಗಲ್ಲ, ಪ್ರಾಣ ಹೋಗುತ್ತೆ. ಕಿಟಕಿ ತೆರೆದಿಟ್ಟರೂ ಸಾಲದು.